ಮೊಳೆಯ ಕೆಳಗಿನ ಚೌಕ

ರಾಜೇಶ್ವರದ ಸ್ಟಾಪು ಬರುವಷ್ಟರಲ್ಲಿ ಪ್ರಣಿತಾ ಬಸ್ಸಿನಲ್ಲಿ ಕೂತು, ಬಸವಕುಮಾರ ಫೋನಿಗೆ ಕಳಿಸಿದ್ದ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ, ಕೊನೆಗೆ ಅದರಲ್ಲಿ ಮನುಷ್ಯನೇ ಇಲ್ಲದಂತೆ ಮಾಡಿಬಿಟ್ಟಿದ್ದಳು. ಉಳಿದದ್ದು ಗೋಡೆ. ತಿಳಿಹಸಿರು ಬಣ್ಣದ ಗೋಡೆಯಲ್ಲಿ ಒಂದು ಮೊಳೆ, ಮೊಳೆಯ ಕೆಳಗೆ ಒಂದು ಚೌಕ. ಸುತ್ತಲಿನ ಗೋಡೆ ಒಲೆಯ ಹೊಗೆ, ಊದುಬತ್ತಿಯ ಹೊಗೆ ಕುಡಿದು ಮಾಸಿದ್ದರೆ ಆ ಚೌಕದೊಳಗಿನ ಹಸಿರು ಮಾತ್ರ ನಿನ್ನೆ ಬಳಿದಂತೆ ಇತ್ತು. ಬಹಳ ವರ್ಷ ಅಲ್ಲಿ ಏನೋ ತೂಗಿತ್ತು. ಫೋಟೊ ತೆಗೆಯುವ ಮುಂಚೆ ಅದನ್ನು ಇಳಿಸಿದ್ದಾನೆ. ಇದನ್ನು ಮೊದಲು ಕಂಡವಳು ಪೂನಂ. ಹುಮನಾಬಾದಿನ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಪಕ್ಕದ ಮೇಜಿನವಳು, ಗಂಜ್ ಮಾರುಕಟ್ಟೆಯಲ್ಲಿ ಕಾಳಿನ ಅಡತಿ ಅಂಗಡಿಯಿದ್ದ ಮನೆಯ ಹುಡುಗಿ. "ಮದಿವಿ ಫೋಟೊ ಇರ್ತದ ನೋಡು ಅಲ್ಲಿ," ಅಂದಿದ್ದಳು, ಕೈಗವಸು ಕಳಚುತ್ತ. "ಇಬ್ಬರೂ ಹಾರ ಹಾಕ್ಕೊಂಡು ನಿಂತಿದ್ದು. ಹೆಂಡ್ತಿ ತವರಿಗೆ ಹೋದಾಗ ಇಳಿಸ್ಯಾನ." ಪ್ರಣಿತಾ ನಕ್ಕಿದ್ದಳು. ಆ ನಗೆ ಮುಗಿದ ಮೇಲೆ ಹನ್ನೊಂದು ದಿನ ಅವಳಿಗೆ ಸರಿಯಾಗಿ ಅನ್ನ ಸೇರಿರಲಿಲ್ಲ. ಇವತ್ತು ರವಿವಾರ, ವಾರದ ರಜೆ. ಕಲ್ಯಾಣದ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಬಸವಕುಮಾರ ಕಾಯುತ್ತೇನೆಂದಿದ್ದಾನೆ. ಒಂದೇ ಪ್ರಶ್ನೆ ಕೇಳುವುದು: ಮದುವೆಯಾಗಿದೆಯೋ ಇಲ್ಲವೋ. ಹೌದೆಂದರೆ ತಿರುಗಿ ಇದೇ ಬಸ್ಸು ಹತ್ತುವುದು. ಇಲ್ಲವೆಂದರೆ? ಇಲ್ಲವೆಂದರೆ ಏನು ಮಾಡಬೇಕೆಂಬುದನ್ನು ಅವಳು ಯೋಚಿಸಿರಲಿಲ್ಲ. ಮೂವತ್ತೆರಡು ವರ್ಷ ಯಾರೂ ಆ ಜಾಗದವರೆಗೆ ಅವಳನ್ನು ಕರೆದೊಯ್ದಿರಲಿಲ್ಲ.

ಲ್ಯಾಬಿಗೆ ಸೇರಿದ ಮೊದಲ ವಾರ ಅವರಿಬ್ಬರಿಗೂ ಕಲಿಸಿದ್ದು ಒಂದೇ ಪಾಠ: ಲೇಬಲ್ಲನ್ನು ನಂಬಬೇಡ. ಡ್ರಮ್ಮಿನ ಮೇಲೆ ಏನೇ ಬರೆದಿರಲಿ, ಯಾರ ಮೊಹರೇ ಬಿದ್ದಿರಲಿ, ಪ್ರತಿ ಡ್ರಮ್ಮಿನ ಬಾಯಿ ಬಿಚ್ಚಿ, ಒಂದು ಚಮಚೆ ತೆಗೆದು, ಒಳಗಿರುವುದು ಹೆಸರಿನದೇ ಹೌದೋ ಅಲ್ಲವೋ ನೋಡಿ, ಆಮೇಲೆ ಹಸಿರು ಚೀಟಿ ಹಚ್ಚಬೇಕು. ಪೂನಂ ಆ ಪಾಠವನ್ನೇ ಪ್ರಣಿತಾ ಸೇರಿದ್ದ ಪುಕ್ಕಟೆ ಡೇಟಿಂಗ್ ಸೈಟಿಗೂ ಹೊಂದಿಸಿದಳು. ಒಂದೇ ಫೋಟೊ ಇದ್ದವನನ್ನು ಬಿಡು. ಹಲ್ಲೆಲ್ಲ ಒಂದೇ ಅಳತೆಯಲ್ಲಿ ಹೊಳೆಯುತ್ತಿದ್ದರೆ ಅದು ಕಂಪ್ಯೂಟರು ಹಡೆದ ಮುಖ, ಬಿಡು. ಲಿಂಕು ಕಳಿಸಿದರೆ ಮುಟ್ಟಬೇಡ. ಇಂಥ ಊರವನು ಅಂದರೆ ಆ ಊರ ಬಸ್‌ಸ್ಟ್ಯಾಂಡಿನ ಎದುರು ಏನೇನಿದೆ ಕೇಳು. ಕೊನೆಗೆ, ಎಡಗೈಯಲ್ಲಿ ಚಮಚೆ ಹಿಡಿದು ಕಿವಿಗೆ ತಾಗಿಸಿ ಈಗಲೇ ಒಂದು ಫೋಟೊ ಕಳಿಸು ಅನ್ನು. ಕದ್ದ ಮುಖದವನು ಚಮಚೆ ಎಲ್ಲಿಂದ ತಂದಾನು? "ನಾಚಿಕಿ ಆಗ್ತದಲೇ ಹಂಗ ಕೇಳಾಕ," ಅಂದಿದ್ದಳು ಪ್ರಣಿತಾ. "ಆಗ್ಲಿ ಬಿಡು. ಪುಕ್ಕಟೆ ಪಂಕ್ತಿಯೊಳಗ ನೊಣ ಜಾಸ್ತಿ. ಒಂದು ಕೈಲೆ ಬೀಸ್ಕೊಂತ ಒಂದು ಕೈಲೆ ಉಣಬೇಕು."

ನೊಣಗಳೇನು ಕಡಿಮೆ ಬಂದಿರಲಿಲ್ಲ. ಲಂಡನ್ನಿನ ಡಾಕ್ಟರೊಬ್ಬನ ಉಡುಗೊರೆ ದಿಲ್ಲಿಯ ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದಿತ್ತು. ಖುಷ್ನುಮಾ ಎಂಬ ಹೆಸರಿನವಳು ಗೆಳತಿಯಾಗೋಣವೆಂದು ಬಂದು ಮೂರನೆಯ ದಿನಕ್ಕೆ ಮೀಸೆಯ ಗಂಡಸಾದಳು. ಎಲ್ಲರಿಗಿಂತ ನಾಚಿಕೆ ಹುಟ್ಟಿಸುವುದು ಆ ಕ್ಯಾಪ್ಟನ್ನನ ನೆನಪು. ಎದೆಯ ತುಂಬ ಪದಕ, ಗಡಿಯಲ್ಲಿ ಡ್ಯೂಟಿ. ಎರಡನೆಯ ದಿನವೇ ಅವಳಿಗೆ ಗೊತ್ತಾಗಿತ್ತು ಅವನು ಕ್ಯಾಪ್ಟನ್ನನಲ್ಲ, ಒಬ್ಬನೂ ಅಲ್ಲ, ಎಲ್ಲೋ ಸಾಲಾಗಿ ಕೂತು ನೂರು ಹೆಂಗಸರಿಗೆ ಒಂದೇ ಸಾಲು ಒತ್ತುವ ನಾಲ್ಕಾರು ಜನ ಎಂದು. ಆದರೂ ದಿನಾ ಸಂಜೆ ಏಳಕ್ಕೆ 'ಊಟ ಆಯ್ತಾ ಡಿಯರ್' ಎಂದು ಬರುತ್ತಿತ್ತು. ಎರಡು ತಿಂಗಳು ಅವಳು ಅದಕ್ಕೆ ಉತ್ತರ ಕೊಟ್ಟಳು. ಇವತ್ತು ಪುಂಡಿಪಲ್ಲೆ ಮಾಡಿದ್ದೆ. ಇವತ್ತು ರೊಟ್ಟಿ ತಟ್ಟಲು ಬ್ಯಾಸರ, ಅನ್ನಕ್ಕೆ ಕಾರಪುಡಿ. ಪೂನಂ ಒಂದು ದಿನ ಫೋನು ಕಸಿದುಕೊಂಡು ಆ ಖಾತೆಯನ್ನು ರಿಪೋರ್ಟ್ ಮಾಡಿದಳು. ಒಳ್ಳೆಯದೇ ಆಯಿತು. ಆಮೇಲಿನ ಎಂಟು ದಿನ ಏಳು ಗಂಟೆಗೆ ಅವಳು ಒಲೆಯ ಮುಂದೆ ನಿಂತು, ಉಂಡೆಯಾ ಎಂದು ಕೇಳಲು ಈ ಭೂಮಿಯ ಮೇಲೆ ಒಬ್ಬ ಸುಳ್ಳುಗಾರನೂ ಉಳಿದಿಲ್ಲವಲ್ಲ ಎಂದುಕೊಂಡಳು. ಇದನ್ನು ಮಾತ್ರ ಪೂನಂಗೆ ಹೇಳಲಿಲ್ಲ. ಹೇಳದೆ ಉಳಿಸಿಕೊಂಡದ್ದು ಅದೊಂದೇ ಏನಲ್ಲ.

ಬಸ್ಸಿನ ಕಿಟಕಿಯಾಚೆ ಕೊಯ್ದ ತೊಗರಿಯ ಕಟ್ಟುಗಳು ಒಣಗುತ್ತಿದ್ದವು. ಅವಳ ಅವ್ವ ಸೋನುಬಾಯಿ ಈ ಹೊತ್ತಿಗೆ ಮುಡಬಿಯಲ್ಲಿ ಯಾರದೋ ಹೊಲದಲ್ಲಿ ಇಂಥದೇ ಕಟ್ಟು ಹೊರುತ್ತಿರುತ್ತಾಳೆ. ಮಗಳು ಬಿಳಿ ಕೋಟು ಹಾಕುವ ನೌಕರಿಯವಳು ಎಂದು ಕೂಲಿಯ ಹೆಂಗಸರ ಮುಂದೆ ಹೇಳಿಕೊಳ್ಳುತ್ತಿರುತ್ತಾಳೆ. ಕೋಟಿನ ಒಳಗೆ ಯಾರಿದ್ದಾರೆಂದು ಲ್ಯಾಬಿನ ಎಲ್ಲರಿಗೂ ಗೊತ್ತು. ಸೈಟಿನಲ್ಲಿ ಯಾರಿಗೂ ಗೊತ್ತಿಲ್ಲ. ಮದುವೆ ಸೈಟುಗಳು ಮುಖ ಕೇಳುವ ಮುಂಚೆ ಜಾತಿ ಕೇಳಿದ್ದವು. ಇದು ಕೇಳಲಿಲ್ಲವೆಂದೇ ಅವಳು ಇಲ್ಲಿಗೆ ಬಂದದ್ದು. 'ಸಮುದಾಯ' ಎಂಬ ಒಂದು ಖಾನೆ ಇತ್ತು, ಇಷ್ಟವಿದ್ದರೆ ತುಂಬಿ ಎಂದು. ಇಷ್ಟವಿದ್ದವರು ತುಂಬಿದ್ದರು, ಮೀಸೆ ತೀಡಿದಂತೆ. ಖಾಲಿ ಬಿಟ್ಟವರು ಯಾರೆಂದು ಖಾಲಿಯೇ ಹೇಳುತ್ತಿತ್ತು. ಪೂನಂ ಅವಳ ಕೈಯಿಂದ ಫೋನು ತಗೊಂಡು ಅಡ್ಡಹೆಸರು ಅಳಿಸಿ ಬರೇ 'ಪ್ರಣಿತಾ ಕೆ' ಮಾಡಿದಳು, ಶುದ್ಧ ಶಾಕಾಹಾರಿ ಎಂದು ಹಾಕಿದಳು. "ಖೊಟ್ಟಿ ಅಲ್ಲಲೇ ಇದು. ಛಲೋ ಮಂದಿ ಬರಬೇಕಂದ್ರ ಜರಾ ಹಿಂಗ ಹಾಕಬೇಕಾಗ್ತದ." ಫೋಟೊ ತೆಗೆದದ್ದೂ ಪೂನಂಳ ಮನೆಯಲ್ಲೇ, ಪೂನಂಳದೇ ಝುಮಕಿ ಹಾಕಿಕೊಂಡು. ಪಡಸಾಲೆಯ ಹೊಸ ಫರ್ಶಿಕಲ್ಲಿನ ನೆಲ ದಾಟಿ ಒಳಗಿನ ಕಮಾನಿನ ಕೆಳಗೆ ನಿಂತರೆ ಚೆಂದ ಕಾಣುತ್ತದೆಂದು ಪ್ರಣಿತಾ ಹೆಜ್ಜೆ ಎತ್ತಿದಾಗ ಪೂನಂ ತಾಯಿ ಶಕುಂತಲಾಬಾಯಿ ಒಳಗಿನಿಂದಲೇ ಅಂದಿದ್ದರು: "ಅಲ್ಲೇ ನಿಲ್ಲವ್ವ, ಅಲ್ಲೇ ಬೆಳಕ ಛಲೋ ಅದ." ಎಷ್ಟು ಮೆತ್ತಗೆ ಅಂದರು. ಬೈದಿದ್ದರೆ ಬೈಗುಳ ಎತ್ತಿಕೊಂಡು ಹೋಗಿ ಎಲ್ಲಾದರೂ ಎಸೆಯಬಹುದಿತ್ತು. ಬೆಳಕನ್ನು ಎತ್ತಿ ಎಲ್ಲಿ ಎಸೆಯುವುದು? ಅವಳು ಅಲ್ಲೇ ನಿಂತಳು. ಬೆಳಕು ನಿಜವಾಗಿಯೂ ಚೆನ್ನಾಗಿತ್ತು. ಬಸವಕುಮಾರ ಮೊದಲು ಮೆಚ್ಚಿದ್ದು ಆ ಫೋಟೊವನ್ನೇ.

ಅವನು ಎಲ್ಲ ಪರೀಕ್ಷೆಯಲ್ಲೂ ಪಾಸಾಗಿದ್ದ. ಬಸ್‌ಸ್ಟ್ಯಾಂಡಿನ ಎದುರು ಏನಿದೆ ಎಂದರೆ ಸೋಡಾ ಗಾಡಿಯಿಂದ ಹಿಡಿದು ಮುರಿದ ಬೋರ್ಡಿನವರೆಗೆ ಬರೆದ. ಚಮಚೆ ಕೇಳಿದರೆ ಮನೆಯಲ್ಲಿ ಸಿಕ್ಕ ದೊಡ್ಡ ಸೌಟನ್ನೇ ಕಿವಿಗಿಟ್ಟುಕೊಂಡು, ಡಾಕ್ಟರ ಮುಂದೆ ಕೂತ ರೋಗಿಯ ಮುಖ ಮಾಡಿ ಕಳಿಸಿದ. ಆ ಫೋಟೊದಲ್ಲೇ ಈ ಚೌಕ. ಉದ್ಯೋಗ ಇಂಟೀರಿಯರ್ ಎಂದಿತ್ತು. ಫರ್ಶಿ ಹಾಕುತ್ತೇನೆ ಎಂದು ಎರಡನೆಯ ವಾರ ತಾನಾಗಿಯೇ ಒಪ್ಪಿಕೊಂಡ. ಮಧ್ಯಾಹ್ನ ಬುತ್ತಿ ಬಿಚ್ಚುವ ಮುಂಚೆ ಅವನು ಮಾತಾಡಿ ಕಳಿಸಿದ ದನಿ ಫೋನಿಗೆ ಬರುತ್ತಿತ್ತು, ಹಿಂದೆ ಫರ್ಶಿ ಕೊಯ್ಯುವ ಮಶೀನಿನ ಕಿರುಚು. ಒಂದು ದನಿಯನ್ನಂತೂ ಅವಳು ಎಷ್ಟು ಸಲ ಕೇಳಿದ್ದಳೋ. "ಭಾಳ ಮನಿ ನೋಡೀನ್ರಿ ನಾ. ಕೆಲಸ ನಡದಾಗ ಎಲ್ಲಾ ಖೋಲಿ ಒಳಗ ಹೋಗ್ತೀನಿ, ದೇವರ ಖೋಲಿ ತನಕ. ಮುಗದ ಮ್ಯಾಲ ಹೋಗೂದಿಲ್ಲ." ಅವಳು ಅದನ್ನು ಕೇಳುತ್ತಿದ್ದದ್ದು ಮಾತಿಗಾಗಿ ಅಲ್ಲ. 'ಹೋಗೂದಿಲ್ಲ' ಎಂಬಲ್ಲಿ ದನಿ ಒಂದಿಷ್ಟು ಕೆಳಗಿಳಿದು ಉಸಿರಾಗುತ್ತಿತ್ತು. ಆ ಉಸಿರು ಕಿವಿಯ ಹತ್ತಿರ ಬೇಕಾಗುತ್ತಿತ್ತು. ಫೋನನ್ನು ದಿಂಬಿನ ಮೇಲಿಟ್ಟು, ಮಗ್ಗುಲಾಗಿ, ಮಂಡಿ ಎದೆಗೆ ತಂದು ಕೇಳುತ್ತಿದ್ದಳು. ಬಸವಕುಮಾರ. ಆ ಹೆಸರನ್ನು ಒಮ್ಮೊಮ್ಮೆ ಬಾಯಿಬಿಟ್ಟು ಅಂದು ನೋಡುತ್ತಿದ್ದಳು. ಅದರಲ್ಲಿ ಕಮಾನು ಇತ್ತು, ಪಡಸಾಲೆ ಇತ್ತು. ಬಾ ಒಳಗೆ, ಇಲ್ಲೂ ಬೆಳಕಿದೆ ಎನ್ನುವ ಒಂದು ದನಿ ಇತ್ತು. ಎಲ್ಲ ಗೊತ್ತಾದ ಮೇಲೂ ಹಾಗೆ ಅಂದಾನೇ? ಗೊತ್ತು ಮಾಡುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಅದಕ್ಕೆ ಮೊದಲು ಅವನ ಸುಳ್ಳು ಹಿಡಿಯಬೇಕಿತ್ತು. ಅವನೇ ಖೊಟ್ಟಿಯಾದರೆ ತನ್ನ ಖೊಟ್ಟಿತನ ಬಯಲಾಗದೇ ಉಳಿಯುತ್ತದೆ. ಈ ಯೋಚನೆ ಬಂದಾಗ ಬಸ್ಸು ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಊರ ಕಡೆ ಹೊರಳುತ್ತಿತ್ತು. ಅವಳು ಫೋನನ್ನು ಚೀಲದೊಳಗೆ ತುರುಕಿದಳು.

ಕಲ್ಯಾಣ. ಒಂದು ಮದುವೆ ಮಾಡಿದ್ದಕ್ಕೆ ಮನುಷ್ಯರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದ ಊರು. ಒಂಬೈನೂರು ವರ್ಷವಾಗುತ್ತ ಬಂತು, ಆ ಮದುವೆಯ ಮೇಲೆ ಭಾಷಣ ಮಾಡಿ ಶಾಲು ಹೊದೆಸಿಕೊಂಡವರಿಗೆ ಲೆಕ್ಕವಿಲ್ಲ, ಅಂಥ ಇನ್ನೊಂದು ಮದುವೆಯನ್ನು ಸ್ವಂತ ಮನೆಯ ಪಡಸಾಲೆಯಲ್ಲಿ ಮಾಡಿದವರನ್ನು ಕರೆದರೆ ಒಂದು ಆಟೊ ತುಂಬುವುದಿಲ್ಲ. ಶಾಲೆಯಲ್ಲಿ ಅವಳೂ ಆ ಕಥೆ ಹೇಳಿ ಸ್ಟೀಲ್ ಡಬ್ಬಿ ಬಹುಮಾನ ಗೆದ್ದಿದ್ದಳು. ಡಬ್ಬಿ ಕೊಟ್ಟ ಗೌಡರು ಮೇಲಿನಿಂದ ಅವಳ ಅಂಗೈಗೆ ಬೀಳಿಸಿದ್ದರು.

ಹೋಟೆಲಿನ ಮೂಲೆಯ ಮೇಜಿನಿಂದ ಅವನು ಎದ್ದು ನಿಂತ. ಫೋಟೊಗಿಂತ ಕಪ್ಪು, ಫೋಟೊಗಿಂತ ತೆಳ್ಳಗೆ. ಉಗುರಿನ ಸಂದಿಯಲ್ಲಿ ತಿಕ್ಕಿದರೂ ಹೋಗದ ಬಿಳಿ ಸಿಮೆಂಟು. ಆ ಸಿಮೆಂಟು ನೋಡಿ ಅವಳಿಗೆ ಅಳು ಬರುವಂತಾಯಿತು. ಇದನ್ನು ಯಾವ ಕಂಪ್ಯೂಟರೂ ಮಾಡಲಾರದು. ಈ ಮನುಷ್ಯ ಇದ್ದಾನೆ. ಕೈ ಚಾಚಿದರೆ ತಾಗುತ್ತಾನೆ.

"ಬರ್ರಿ, ಕೂಡ್ರಿ. ಬಸ್ಸಿನಾಗ ಜಾಗ ಸಿಕ್ತೇನ್ರಿ?"

"ಸಿಕ್ತು."

"ನಾ ಹತ್ತು ಗಂಟೇದಿಂದ ಕುಂತೀನ್ರಿ. ಈ ಮಾಲಕ ಮಹೆಬೂಬ ಎರಡ್ ಸಲ ಕೇಳಿದ, ಬಾಡಗಿಗೆ ಹಿಡದಿ ಏನು ಮೇಜು ಅಂತ."

ಅವಳು ನಕ್ಕಳು. ಅವನೂ ನಕ್ಕ. ನಗುವಾಗ ಅವನ ಒಂದು ಹಲ್ಲು ಮತ್ತೊಂದರ ಮೇಲೆ ಹತ್ತಿತ್ತು. ಚುರುಮುರಿಯ ಸುಸಲಾ ಬಂತು, ಮಿರ್ಚಿ ಬಂತು. ಅವನು ಪ್ಲೇಟನ್ನು ಅವಳ ಕಡೆ ಸರಿಸಿ, ದೊಡ್ಡ ಮಿರ್ಚಿ ಆರಿಸಿ ಅವಳ ಪಾಲಿಗಿಟ್ಟ. ಹೀಗೇ ಸುಮ್ಮನೆ ಕೂತುಬಿಡಬಾರದೇ, ಏನೂ ಕೇಳದೆ, ಏನೂ ತಿಳಿಯದೆ, ಈ ಮಿರ್ಚಿ ತಣ್ಣಗಾಗುವವರೆಗಾದರೂ? ಆದರೆ ಬಾಯಿ ಆಗಲೇ ತೆರೆದುಕೊಂಡಿತ್ತು.

"ನಿಮ್ಮ ಮನಿ ಗ್ವಾಡಿ ಮ್ಯಾಲ ಏನಿತ್ತು?"

"ಯಾವ ಗ್ವಾಡಿ?"

"ಸೌಟು ಹಿಡಿದು ಫೋಟೊ ತಗದ್ರಲ್ಲ. ಹಿಂದ ಒಂದು ಮೊಳಿ ಅದ. ಅಲ್ಲಿಂದ ಏನೋ ತಗದೀರಿ."

ಅವನ ಕೈ ನೀರಿನ ಗ್ಲಾಸಿನ ಮೇಲೆ ನಿಂತಿತು. "ಗಡಿಯಾರ ಇತ್ರಿ. ಕೆಟ್ಟಿತ್ತು, ರಿಪೇರಿಗೆ ಕೊಟ್ಟೀನಿ."

ಸುಳ್ಳು. ಗಡಿಯಾರ ಅಷ್ಟು ದೊಡ್ಡ ಚೌಕ ಬಿಡುವುದಿಲ್ಲ. ಪೂನಂ ಗೆದ್ದಳು. ಹಾರ ಹಾಕಿಕೊಂಡ ಒಬ್ಬ ಹೆಂಗಸು ಆ ಚೌಕದೊಳಗೆ ಬಂದು ನಿಂತಳು, ಎತ್ತರದವಳು, ಮೂಗುತಿಯವಳು. ಪ್ರಣಿತಾಗೆ ತನ್ನ ಎದೆಯೊಳಗೆ ಏನೋ ಬಹಳ ಅಚ್ಚುಕಟ್ಟಾಗಿ ಮಡಚಿಕೊಳ್ಳುತ್ತಿರುವುದು ತಿಳಿಯಿತು. ಚೀಲದ ಪಟ್ಟಿಗೆ ಕೈ ಹಾಕಿದಳು.

ಆಗ ಹೋಟೆಲಿನ ಮುಂದೆ ಒಬ್ಬ ಮುದುಕ ಬಂದು ನಿಂತ. ತಲೆಗೆ ಟಾವೆಲ್ಲು ಸುತ್ತಿ, ಹೆಗಲ ಮೇಲೆ ಖಾಲಿ ಗೋಣಿಚೀಲ ಹಾಕಿಕೊಂಡಿದ್ದ. ಒಳಗೆ ಇಣುಕಿ ಕೈ ಎತ್ತಿದ. "ಏ ಸಂಘರತ್ನ, ಜೈಭೀಮ."

ಎದುರಿಗೆ ಕೂತವನು ಸುಸಲಾದೊಳಗಿನ ಶೇಂಗಾ ಆರಿಸತೊಡಗಿದ. ಕುತ್ತಿಗೆಯ ನರ ಒಂದು ಮಾತ್ರ ಎದ್ದು ನಿಂತಿತ್ತು.

"ಸಂಘರತ್ನ. ನಿನಗಽ ಕರ್ಯಾಕತ್ತೀನಿ. ಜೈಭೀಮ."

ಮುದುಕ ಎತ್ತಿದ ಕೈ ಗಾಳಿಯಲ್ಲೇ ಉಳಿಯಿತು. ಬಸವಕುಮಾರ ಅತ್ತ ತಿರುಗಲಿಲ್ಲ. ಅವಳ ಕಡೆ ಕದ್ದು ಒಂದು ಸಲ ನೋಡಿದ, ಅಷ್ಟೇ. ಆ ನೋಟವನ್ನು ಅವಳು ಬಲ್ಲಳು. ಶಕುಂತಲಾಬಾಯಿಯ ಹೊಸ್ತಿಲಲ್ಲಿ, ಬೆಳಕಿನಲ್ಲಿ ನಿಂತು ಕ್ಯಾಮೆರಾದ ಕಡೆ ತಾನು ನೋಡಿದ್ದು ಅದೇ ನೋಟ. ಚೌಕದೊಳಗಿದ್ದ ಮೂಗುತಿಯ ಹೆಂಗಸು ಸರಿದುಹೋದಳು. ಅಲ್ಲಿ ಏನಿತ್ತೆಂದು, ತಮ್ಮ ಮುಡಬಿಯ ಮನೆಯಲ್ಲಿ ಅದೇ ಅಳತೆಯ ಚೌಕಟ್ಟು ಯಾವ ಗೋಡೆಯ ಮೇಲೆ ತೂಗುತ್ತದೆಂದು, ನೀಲಿ ಕೋಟಿನ ಆ ಮುಖ ಹಿಂದೆ ಬೀಳದಂತೆ ಎದುರು ಗೋಡೆಗೆ ಸರಿದು ಕೂತು ತಾನು ಎಷ್ಟು ಸಲ ಸೆಲ್ಫಿ ತೆಗೆದುಕೊಂಡೆನೆಂದು ಎಲ್ಲವೂ ಒಂದೇ ಏಟಿಗೆ ಬಂತು. 'ಮುಗದ ಮ್ಯಾಲ ಹೋಗೂದಿಲ್ಲ' ಎಂದಿದ್ದ. ಎಷ್ಟು ಸಲ ಕೇಳಿದ್ದೆ. ಉಸಿರು ಕೇಳಿದ್ದೆ, ಮಾತು ಕೇಳಲಿಲ್ಲ. ಅವಳಿಗೇ ತಿಳಿಯುವ ಮುಂಚೆ ಅವಳು ಎದ್ದು ನಿಂತಿದ್ದಳು.

"ಜೈಭೀಮ್ರಿ ಕಾಕಾ."

ಮುದುಕನ ಕೈ ಇಳಿಯಿತು. ಅವನು ಚಪ್ಪಲಿ ಎಳೆಯುತ್ತ ಒಳಗೆ ಬಂದ. "ಜೈಭೀಮ ಅವ್ವ, ಜೈಭೀಮ. ನಾ ಮಚ್ಚೇಂದ್ರ, ಈತನ ಅಪ್ಪನ ಜೋಡಿ ಗೌಂಡಿ ಕೆಲಸಕ್ಕ ಹೋಗ್ತಿದ್ದೆ. ನೀ ಯಾರ ಪೈಕಿ?"

"ಮುಡಬಿ ಸೋನುಬಾಯಿ ಮಗಳ್ರಿ. ಬುದ್ಧ ವಿಹಾರದ ಹಿಂದಿನ ಮನಿ."

"ಸೋನುಬಾಯಿ ಅಂದ್ರ, ಆ ಬಾಯಿ ಮುಚ್ಚದ ಸೋನುಬಾಯಿ?"

"ಹೌದ್ರಿ, ಅಕಿನೇ."

"ಏ ಹುಚ್ಚಿ, ನಿಮ್ಮಪ್ಪನ ಮಣ್ಣಿಗೆ ಬಂದಿದ್ದೆ ನಾ. ನೀ ಇಷ್ಟಿದ್ದಿ. ನಿಮ್ಮವ್ವ ಅಳೂದು ಬಿಟ್ಟು, ಬಂದ ಮಂದಿಗೆ ಚಹಾ ಆತೋ ಇಲ್ಲೋ ಅಂತ ಬೈಯಾಕತ್ತಿದ್ಳು." ಮುದುಕ ನಕ್ಕು, ಮೇಜಿನ ಎರಡೂ ಬದಿ ನೋಡಿದ. ಅವನಿಗೆ ಎಷ್ಟು ತಿಳಿಯಿತೋ. "ಇಂವನ ಕಿವಿ ಮಂದ ಆಗ್ಯಾವ ಅವ್ವ, ಮಶೀನಿನ ಸಪ್ಪಳಕ್ಕ. ಒದರಿ ಹೇಳಬೇಕು." ಆ ಕಿವುಡನ್ನು ಮುದುಕ ತಾನಾಗಿ ದಾನ ಕೊಟ್ಟದ್ದು ಎಂದು ಅವಳಿಗೆ ಅನಿಸಿತು. ಚಹಾ ಅಂದರೆ ಬೇಡವೆಂದ. "ಆಟೊ ತುಂಬಾಕತ್ತದ. ಮುಡಬಿಗೆ ಹೊಂಟೀನಿ, ನಿಮ್ಮವ್ವಗ ಏನರೆ ಹೇಳಬೇಕೇನು?"

"ಏನಿಲ್ರಿ. ಉಂಡೀನಿ ಅಂತ ಹೇಳ್ರಿ."

ಮೂರು ಮಾತಿನಲ್ಲಿ ಮುಗಿಯಿತು ಪರೀಕ್ಷೆ. ಚಮಚೆಯಿಲ್ಲ, ಸೌಟಿಲ್ಲ. ಮುದುಕ ಹೋದ ಮೇಲೆ ಮೇಜಿನ ಮೇಲೆ ಇಬ್ಬರ ಎಲ್ಲವೂ ಇತ್ತು, ತಿಪ್ಪೆಯ ಮೇಲೆ ಸುರುವಿದ ಮನೆಯ ಸಾಮಾನಿನಂತೆ; ಎತ್ತಿಕೊಳ್ಳಲು ಯಾರಿಗೂ ಕೈ ಬರಲಿಲ್ಲ.

"ಬಾಬಾಸಾಹೇಬರ ಫೋಟೊ," ಎಂದ ಅವನು, ಪ್ಲೇಟು ನೋಡುತ್ತ. "ಇಳಿಸಿ ಕಾಟಿನ ಮ್ಯಾಲ ಇಟ್ಟಿದ್ದೆ. ಮುಖ ಮ್ಯಾಲ ಮಾಡೇ ಇಟ್ಟಿದ್ದೆ, ಬೋರಲ ಹಾಕಿರಲಿಲ್ಲ." ಆರಿಸಿಟ್ಟ ಶೇಂಗಾ ಬದಿಗೆ ಸರಿಸಿ, "ಖರೇ ಹೆಸರು ಹಾಕಿದ್ರ ಒಂದೂ ಉತ್ತರ ಬರತಿರಲಿಲ್ರಿ. ಆರು ತಿಂಗಳ ಹಾಕಿ ನೋಡೀನಿ. ಒಬ್ಬಾಕಿ ರಿಪೋರ್ಟ್ ಮಾಡಿದ್ಲು, ಖೊಟ್ಟಿ ಪ್ರೊಫೈಲ್ ಅಂತ. ಖರೇ ಹೆಸರಿಗೆ. ಖೊಟ್ಟಿ ಹೆಸರಿಗೆ ಯಾರೂ ಹಂಗನ್ನಲಿಲ್ಲ."

"ನಾ ಎದ್ದು ಹೋಗ್ತೀನಿ ಅಂತ ಸುಮ್ಮ ಕುಂತ್ರೇನು?"

"ಹೋಗತಿದ್ರಿ."

ಇಲ್ಲ ಎಂದು ಹೇಳಲು ಬಾಯಿ ತೆರೆದು ಅವಳು ತಡೆದಳು. ಹೋಗುತ್ತಿರಲಿಲ್ಲ, ನಿಜ. ಆದರೆ ಸಂಘರತ್ನ ಎಂದು ಕೇಳಿದ ಕ್ಷಣ ಒಳಗೆ ಒಂದು ದೀಪ ಆರಿದ್ದೂ ನಿಜ. ಹಿರಿಹಿರಿ ಹಿಗ್ಗಬೇಕಿತ್ತು. ನಮ್ಮವನು, ಹೆಂಡತಿಯಿಲ್ಲದವನು, ಸುಳ್ಳು ಹೇಳಿದ್ದು ನಾನು ಹೇಳಿದ ಸುಳ್ಳನ್ನೇ. ಹಿಗ್ಗಲಿಲ್ಲ. ಯಾವುದೋ ಕಮಾನಿನ ಕೆಳಗಿಂದ, ಒಳಗೆ ಬಾ ಎನ್ನಬೇಕಾಗಿದ್ದ ಒಬ್ಬನು ಇದ್ದಕ್ಕಿದ್ದಂತೆ ಇಲ್ಲವಾಗಿದ್ದ. ಅವನಿಗಾಗಿ ಅಲ್ಲವೇ ನಾನು ದಿಂಬಿನ ಮೇಲೆ ಫೋನಿಟ್ಟು ಮಲಗಿದ್ದು? ಇದಕ್ಕಿಂತ ಹೀನವಾದದ್ದು ಇನ್ನೇನಿದೆ? ನಮ್ಮನ್ನು ಹೊಸ್ತಿಲಲ್ಲಿ ನಿಲ್ಲಿಸಿದರು ಸರಿ, ನಮ್ಮ ಆಸೆಯನ್ನೂ ಅಲ್ಲೇ ನಿಲ್ಲಿಸಿಕೊಂಡುಬಿಟ್ಟರಲ್ಲ, ಅದನ್ನು ತಿರುಗಿ ಕೇಳುವುದು ಯಾವ ಕೋರ್ಟಿನಲ್ಲಿ? ಹೇಳದೆ ಇಟ್ಟುಕೊಂಡರೆ ಇದೂ ಒಂದು ಕ್ಯಾಪ್ಟನ್ನನ ಗುಟ್ಟಾಗುತ್ತದೆ. ಅವಳು ಹೇಳಿಬಿಟ್ಟಳು.

"ನೀವು ಬಸವಕುಮಾರ ಅಲ್ಲ ಅಂತ ಗೊತ್ತಾದಾಗ ನಂಗ ಕೆಟ್ಟ ಅನಸ್ತು."

ಅವನು ತಲೆ ಎತ್ತಿದ. ಸಿಟ್ಟು ಬರುತ್ತದೆಂದುಕೊಂಡಳು, ಬರಲೆಂದೂ ಬಯಸಿದಳು. ಅವನು ಬಹಳ ಹೊತ್ತು ಅವಳ ಮುಖವನ್ನು, ಝುಮಕಿಯಿಲ್ಲದ ಕಿವಿಯನ್ನು, ಬಿಸಿಲಿಗೆ ಒಡೆದ ತುಟಿಯನ್ನು ನೋಡಿದ.

"ನಂಗೂ," ಎಂದ. "ನೀವು ಮುಡಬಿ ಅಂದಾಗ."

ಅದು ಚುಚ್ಚಿತು. ಚುಚ್ಚಿದ ಜಾಗದಲ್ಲಿ ಅವಳಿಗೆ ಮೊದಲ ಸಲ, ಎದುರಿಗೆ ಒಬ್ಬ ಮನುಷ್ಯ ಕೂತಿದ್ದಾನೆಂಬುದು ಪೂರ್ತಿ ತಿಳಿಯಿತು. ಮೂರು ತಿಂಗಳ ಅಷ್ಟು ದನಿಗಳಲ್ಲಿ ಇಷ್ಟು ಹತ್ತಿರದ ಮಾತು ಒಂದೂ ಇರಲಿಲ್ಲ. ಇಬ್ಬರೂ ನಗಲಿಲ್ಲ. ಮಹೆಬೂಬ ಬಂದು ಚಹಾ ಇಟ್ಟು ಹೋದ. ಅವಳು ಕೇಳಿದಳು:

"ಕಾಕಾಗ ನೀವು ತಿರುಗಿ ಅನ್ನಲೇ ಇಲ್ಲ."

ಅವನು ಎದ್ದ. ಗ್ಲಾಸು ಮುಟ್ಟಲಿಲ್ಲ, ಬರುತ್ತೇನೆ ಎಂದೂ ಅನ್ನಲಿಲ್ಲ. ಮೆಟ್ಟಿಲಿಳಿದು, ರಸ್ತೆ ದಾಟಿ, ಮುಡಬಿಯ ಆಟೊಗಳ ಕಡೆ ಓಡಿದ. ಅವಳೂ ಬಾಗಿಲಿಗೆ ಬಂದು ನಿಂತಳು. ಜನ ತುಂಬಿ ಹೊರಟೇಬಿಟ್ಟಿದ್ದ ಆಟೊದ ಪಕ್ಕೆ ಬಡಿದು ಅವನು ನಿಲ್ಲಿಸಿದ, ಒಳಗೆ ಬಗ್ಗಿದ, ಕೈ ಎತ್ತಿದ. ಇಷ್ಟು ದೂರಕ್ಕೆ ದನಿ ಕೇಳಲಿಲ್ಲ. ಅಷ್ಟರಲ್ಲಿ ಹಳ್ಳಿಖೇಡದ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರಾಲಿ ಎಳೆದುಕೊಂಡು ನಡುವೆ ಬಂತು. ರಸ್ತೆಯಾಚೆ ಏನೂ ಕಾಣದಾಯಿತು. ಅವನು ಅದೇ ಆಟೊ ಹತ್ತಿ ಹೋಗಬಹುದು. ಬಸ್‌ಸ್ಟ್ಯಾಂಡಿನ ಜನರೊಳಗೆ ಸೇರಿ ಇಲ್ಲವಾಗಬಹುದು. ಸೈಟಿನ ಮೇಲಿನ ಹೆಸರೊಂದು ಅಳಿಸಿದರೆ ಅವನನ್ನು ಹುಡುಕುವುದು ಎಲ್ಲಿ? ಟ್ರಾಲಿಯ ಕಬ್ಬು ವಾಲಾಡುತ್ತ, ಸರಸರ ಸದ್ದು ಮಾಡುತ್ತ, ಎಷ್ಟು ಹೊತ್ತಾದರೂ ಮುಗಿಯದಂತೆ ಸಾಗುತ್ತಿತ್ತು. ಪ್ರಣಿತಾ ಬಾಗಿಲಿನ ಕಂಬ ಹಿಡಿದಳು. ಅವಳ ಬಾಯಿ ತಾನಾಗಿ ಆ ಹೆಸರನ್ನು ಅಂದು ನೋಡಿತು, ಸಂಘರತ್ನ, ಇನ್ನೊಂದು ಸಲ, ಈಗ ಕೊಂಚ ದೊಡ್ಡದಾಗಿ.

ಎರಡನೆಯ ಟ್ರಾಲಿ ದಾಟಿತು. ಅವನು ಆಚೆ ದಂಡೆಯಲ್ಲಿ ನಿಂತು, ಈಚೆ ಬರಲು ಸಂದಿ ಹುಡುಕುತ್ತ ಅತ್ತ ಇತ್ತ ನೋಡುತ್ತಿದ್ದ. ಅವಳು ಕೈ ಎತ್ತಿದಳು, ತಾನು ಎಲ್ಲಿದ್ದೇನೆಂದು ಅವನಿಗೆ ಗೊತ್ತಿದ್ದರೂ.